ಬಾನಿನಿಂದ ಧರೆಗೆ

ಸಹ್ಯಾದ್ರಿಯಲ್ಲಿ ಹುಟ್ಟಿ ಮೂಡಣ ದಿಕ್ಕಿಗೆ ಹರಿಯುವ ಘಟಪ್ರಭಾ ನದಿಯು ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಲ್ಲಿ ತುಸು ವಿಶ್ರಮಿಸಿ, ಮುಂದೆ ಗೋಕಾಕದ ಬಳಿ ಸುಮಾರು 52 ಮೀಟರು ಎತ್ತರದ ಬಂಡೆಯಿಂದ ಒಮ್ಮೆಲೇ ಕೆಳಕ್ಕೆ ಧುಮುಕುತ್ತದೆ. ಅಲ್ಲಿಂದ ಮೂಡಲಗಿ ತಾಲ್ಲೂಕಿನ ಹೊಲಗಳ ಕಡೆಗೆ ಸಾಗುತ್ತದೆ. ಮಳೆಗಾಲದಲ್ಲಿ ಈ ಜಲಪಾತದ ಭೋರ್ಗರೆತವನ್ನು ಕೇಳಿದವರು ಅದನ್ನು ಸುಲಭವಾಗಿ ಮರೆಯಲಾರರು. ಅಂಚಿನಿಂದ ಜಾರಿದ ನೀರು ತಳವನ್ನು ಮುಟ್ಟಲು ಮೂರು ಸೆಕೆಂಡುಗಳಿಗಿಂತ ಸ್ವಲ್ಪವೇ ಹೆಚ್ಚು ಕಾಲ ಸಾಕು. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ತಳ ಮುಟ್ಟುವಾಗ ಅದರ ವೇಗವು ಸೆಕೆಂಡಿಗೆ ಸುಮಾರು 32 ಮೀಟರು, ಅಂದರೆ ಗಂಟೆಗೆ ಸುಮಾರು 115 ಕಿಲೋಮೀಟರು. ಹೀಗೆ ಬೀಳುವ ನೀರಿನ ಶಕ್ತಿಯನ್ನೇ ಬಳಸಿಕೊಂಡು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗೋಕಾಕದ ನೂಲಿನ ಗಿರಣಿಯ ಯಂತ್ರಗಳು ತಿರುಗತೊಡಗಿದವು. ಎತ್ತರದಿಂದ ಇಳಿಯುವ ವಸ್ತುವಿನಲ್ಲಿ ಎಷ್ಟು ಶಕ್ತಿ ಅಡಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಈಗ, ಭೂಮಿಯಿಂದ ಸುಮಾರು 400 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತಿರುವ ವ್ಯೋಮನೌಕೆಯೊಂದನ್ನು ಊಹಿಸಿಕೊಳ್ಳೋಣ. ಅದರ ವೇಗವು ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗಿಂತಲೂ ಹೆಚ್ಚು. ಹುಕ್ಕೇರಿಯಿಂದ ಗೋಕಾಕದ ಮಾರ್ಗವಾಗಿ ಮೂಡಲಗಿಯನ್ನು ತಲುಪಲು ಬಸ್ಸಿಗೆ ಒಂದೆರಡು ಗಂಟೆಗಳು ಬೇಕು. ವ್ಯೋಮನೌಕೆಯು ಅಷ್ಟು ದೂರವನ್ನು ಹತ್ತು ಸೆಕೆಂಡುಗಳ ಒಳಗೇ ದಾಟಿಬಿಡುತ್ತದೆ. ಜಲಪಾತದ ತಳದಲ್ಲಿರುವ ನೀರಿಗಿಂತ ಅದು ಇನ್ನೂರಕ್ಕೂ ಹೆಚ್ಚು ಪಟ್ಟು ವೇಗವುಳ್ಳದ್ದು. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಆದ್ದರಿಂದ ನೌಕೆಯ ಒಂದೊಂದು ಕಿಲೋಗ್ರಾಮಿನಲ್ಲಿಯೂ ಜಲಪಾತದ ಅಷ್ಟೇ ತೂಕದ ನೀರಿನಲ್ಲಿರುವುದಕ್ಕಿಂತ 50,000 ಪಟ್ಟಿಗೂ ಮಿಗಿಲಾದ ಶಕ್ತಿಯು ತುಂಬಿರುತ್ತದೆ. ಆ ನೌಕೆಯಲ್ಲಿ ಮನುಷ್ಯರು ಕುಳಿತಿದ್ದಾರೆ. ಅವರನ್ನು ಸುರಕ್ಷಿತವಾಗಿ ನೆಲಕ್ಕೆ ತರಬೇಕಾದರೆ ಈ ಶಕ್ತಿಯೆಲ್ಲವನ್ನೂ ಅರ್ಧ ಮುಕ್ಕಾಲು ಗಂಟೆಯೊಳಗೆ ಕಳೆಯಬೇಕು.

ಜಲಾಶಯದಲ್ಲಿ ತುಂಬಿದ ನೀರನ್ನು ಒಮ್ಮೆಗೇ ಬಿಟ್ಟರೆ ಕೆಳಗಿನ ಊರುಗಳಿಗೆ ಆಪತ್ತು. ಹಂತಹಂತವಾಗಿ ಬಿಟ್ಟರೆ ಅದೇ ನೀರು ಹೊಲವನ್ನು ತಣಿಸುತ್ತದೆ. 2019ರ ಆಗಸ್ಟ್ ತಿಂಗಳ ಮಹಾಪೂರವನ್ನು ಕಂಡ ಗೋಕಾಕದ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವ್ಯೋಮನೌಕೆಯ ಅವರೋಹಣವೂ ಇದೇ ಬಗೆಯ ಕಾರ್ಯ. ಅದರ ಶಕ್ತಿಯನ್ನು ತಡೆದು, ಹಂಚಿ, ಮೆಲ್ಲಮೆಲ್ಲನೆ ಹೊರಹಾಕಬೇಕು. ಯಾವುದಾದರೊಂದು ಹಂತದಲ್ಲಿ ತಪ್ಪಿದರೆ ಅದನ್ನು ತಿದ್ದಿಕೊಳ್ಳಲು ಕಾಲಾವಕಾಶವು ಬಹಳ ಕಡಿಮೆ.

ಹಿಂದಿರುಗುವ ನೌಕೆಯು ಮೊದಲು ತಾನು ಸಾಗುತ್ತಿರುವ ದಿಕ್ಕಿಗೆ ಎದುರಾಗಿ ತನ್ನ ಎಂಜಿನನ್ನು ಉರಿಸಿ ವೇಗವನ್ನು ಕೊಂಚ ತಗ್ಗಿಸಿಕೊಳ್ಳುತ್ತದೆ. ಅದರಿಂದ ಅದರ ಪಥವು ಕೆಳಕ್ಕೆ ಬಾಗಿ, ಸುಮಾರು 100 ಕಿಲೋಮೀಟರು ಎತ್ತರದಲ್ಲಿ ವಾಯುಮಂಡಲವನ್ನು ಮುಟ್ಟುತ್ತದೆ. ಇಲ್ಲಿ ಪ್ರವೇಶದ ಕೋನವು ಅತಿ ಮುಖ್ಯವಾದುದು. ಕೋನವು ತೀರ ಕಡಿದಾದರೆ ಶಾಖವೂ ಒತ್ತಡವೂ ಮಿತಿಮೀರುತ್ತವೆ. ತೀರ ಓರೆಯಾದರೆ ನೌಕೆಯು ನಿಗದಿಯಾದ ಸ್ಥಳವನ್ನು ದಾಟಿ ಬಹುದೂರ ಹೋಗಿಬಿಡುತ್ತದೆ. ಈ ಎರಡರ ನಡುವಣ ಇಕ್ಕಟ್ಟಾದ ದಾರಿಯೇ ಅದಕ್ಕಿರುವ ಏಕಮಾತ್ರ ದಾರಿ.

ಅತಿವೇಗದ ವಾಹನವು ಬಾಣದಂತೆ ಮೊನಚಾಗಿರಬೇಕೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಹಿಂದಿರುಗುವ ನೌಕೆಯ ಮುಖವು ಮೊಂಡಾಗಿರಬೇಕೆಂದು 1950ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಎಚ್. ಜೂಲಿಯನ್ ಆಲನ್ ತೋರಿಸಿಕೊಟ್ಟರು. ಮೊಂಡಾದ ಮುಖವು ತನ್ನ ಮುಂದಿರುವ ಗಾಳಿಯನ್ನು ಬಲವಾಗಿ ಒತ್ತಿ, ಪ್ರಬಲವಾದ ಆಘಾತ ತರಂಗವೊಂದನ್ನು ಮುಂದಕ್ಕೆ ತಳ್ಳುತ್ತದೆ. ಹುಟ್ಟುವ ಶಾಖದಲ್ಲಿ ಬಹುಪಾಲು ಆ ಗಾಳಿಯಲ್ಲಿಯೇ ಉಳಿದು ಪಕ್ಕಕ್ಕೆ ಹರಿದುಹೋಗುತ್ತದೆ. ಉಳಿದುದನ್ನು ಉಷ್ಣಕವಚವು ಸಹಿಸಿಕೊಳ್ಳುತ್ತದೆ. ಕೆಲವು ನೌಕೆಗಳ ಕವಚವು ತಾನೇ ಸ್ವಲ್ಪಸ್ವಲ್ಪವಾಗಿ ಉರಿದು ಸವೆಯುತ್ತ ಒಳಗಿನವರನ್ನು ಕಾಪಾಡುತ್ತದೆ. ಮನೆಯವರಿಗಾಗಿ ತಾನು ಸುಟ್ಟುಕೊಳ್ಳುವ ಬಾಗಿಲಿನಂತೆ ಅದು.

ಆ ಹೊತ್ತಿನಲ್ಲಿ ನೌಕೆಯ ಸುತ್ತಲಿನ ಗಾಳಿಯು ಕಾದು ವಿದ್ಯುದಾವಿಷ್ಟವಾಗುವುದರಿಂದ ರೇಡಿಯೋ ಅಲೆಗಳು ಅದನ್ನು ದಾಟಲಾರದೆ ಹೋಗಬಹುದು. ಅಂತಹ ಸಂದರ್ಭದಲ್ಲಿ ಕೆಲವು ನಿಮಿಷಗಳ ಕಾಲ ಭೂಮಿಗೂ ಯಾತ್ರಿಗಳಿಗೂ ಸಂಪರ್ಕವಿರುವುದಿಲ್ಲ. 1970ರ ಏಪ್ರಿಲ್ 17ರಂದು, ಆಮ್ಲಜನಕದ ತೊಟ್ಟಿ ಸಿಡಿದು ಜರ್ಝರಿತವಾಗಿದ್ದ ಅಪೊಲೊ–13ರ ಮೂವರು ಯಾತ್ರಿಗಳು ಮರಳುತ್ತಿದ್ದಾಗ ಈ ಮೌನವು ನಿರೀಕ್ಷೆಗಿಂತ ಒಂದು ನಿಮಿಷಕ್ಕೂ ಹೆಚ್ಚು ಕಾಲ ಮುಂದುವರಿಯಿತು. ಕಾತರದಿಂದ ಕಾಯುತ್ತಿದ್ದ ಲಕ್ಷಾಂತರ ಜನರಿಗೆ ಆ ಒಂದು ನಿಮಿಷವೇ ಯುಗವಾಯಿತು. ಕೊನೆಗೆ ಧ್ವನಿ ಕೇಳಿಸಿತು, ಪ್ಯಾರಾಷೂಟುಗಳು ಕಾಣಿಸಿಕೊಂಡವು. ದೇಶಭಾಷೆಗಳ ಭೇದವಿಲ್ಲದೆ ಜಗತ್ತೇ ನಿಟ್ಟುಸಿರು ಬಿಟ್ಟಿತು.

ಪ್ಯಾರಾಷೂಟುಗಳು ಬಿಚ್ಚಿಕೊಳ್ಳುವುದು ಕೊನೆಯ ಹಂತ. ದೊಡ್ಡ ಪ್ಯಾರಾಷೂಟನ್ನು ಅತಿವೇಗದಲ್ಲಿ ಬಿಚ್ಚಿದರೆ ಅದು ಹರಿದುಹೋಗುವ ಸಂಭವವುಂಟು. ಆದಕಾರಣ ಮೊದಲು ಚಿಕ್ಕವು, ಅನಂತರ ದೊಡ್ಡವು ಎಂಬ ಕ್ರಮದಲ್ಲಿ ಅವು ಬಿಚ್ಚಿಕೊಳ್ಳುತ್ತವೆ. ಅವಶ್ಯಕತೆಗಿಂತ ಒಂದನ್ನು ಹೆಚ್ಚಾಗಿಯೇ ಇರಿಸುವುದು ಕ್ಷೇಮ. 1971ರ ಆಗಸ್ಟ್ ತಿಂಗಳಲ್ಲಿ ಅಪೊಲೊ–15 ಚಂದ್ರನಿಂದ ಮರಳಿದಾಗ ಅದರ ಮೂರು ಪ್ರಧಾನ ಪ್ಯಾರಾಷೂಟುಗಳಲ್ಲಿ ಒಂದು ಕೆಟ್ಟಿತು. ಉಳಿದ ಎರಡು ಮೂವರು ಯಾತ್ರಿಗಳ ಪ್ರಾಣವನ್ನು ಉಳಿಸಿದವು.

ಎಲ್ಲರೂ ಅಷ್ಟು ಭಾಗ್ಯವಂತರಾಗಿರಲಿಲ್ಲ. 1967ರ ಏಪ್ರಿಲ್ 24ರಂದು ಸೋವಿಯತ್ ಒಕ್ಕೂಟದ ಸೋಯುಜ್–1 ನೌಕೆಯ ಪ್ರಧಾನ ಪ್ಯಾರಾಷೂಟು ಹೊರಬರಲಿಲ್ಲ. ಬದಲಿ ಪ್ಯಾರಾಷೂಟು ಸಿಕ್ಕಾಗಿ ಬಿಚ್ಚಿಕೊಳ್ಳಲಿಲ್ಲ. ನೌಕೆಯು ನೆಲಕ್ಕಪ್ಪಳಿಸಿ ವ್ಲಾದಿಮೀರ್ ಕೊಮರೋವ್ ಅಸುನೀಗಿದರು. ವ್ಯೋಮಯಾನದ ನಡುವೆ ಪ್ರಾಣ ತೆತ್ತವರಲ್ಲಿ ಅವರೇ ಮೊದಲಿಗರು. 1971ರ ಜೂನ್ 30ರಂದು ಸೋಯುಜ್–11 ನೌಕೆಯು ಮಾತ್ರ ಯಾವ ಕುಂದೂ ಇಲ್ಲದಂತೆ ನೆಲಕ್ಕಿಳಿಯಿತು. ರಕ್ಷಣಾ ತಂಡದವರು ಹರ್ಷದಿಂದ ಬಾಗಿಲನ್ನು ತೆರೆದರು. ಒಳಗೆ ಡೊಬ್ರೊವೋಲ್ಸ್ಕಿ, ವೋಲ್ಕೊವ್, ಪತ್ಸಾಯೆವ್ ಎಂಬ ಮೂವರೂ ನಿಶ್ಚಲರಾಗಿ ಕುಳಿತಿದ್ದರು. ಆಕಾಶದಲ್ಲಿ ನೌಕೆಯ ಭಾಗಗಳು ಬೇರ್ಪಡುವಾಗ ಚಿಕ್ಕದೊಂದು ಕವಾಟವು ಅಕಾಲದಲ್ಲಿ ತೆರೆದುಕೊಂಡು ಒಳಗಿನ ಗಾಳಿಯೆಲ್ಲ ಸೋರಿಹೋಗಿತ್ತು. ಇಕ್ಕಟ್ಟಾದ ಆ ನೌಕೆಯಲ್ಲಿ ಮೂವರಿಗೆ ಸ್ಥಳ ಮಾಡಿಕೊಡುವ ಸಲುವಾಗಿ ರಕ್ಷಣೆಯ ಉಡುಪನ್ನು ಕೈಬಿಡಲಾಗಿತ್ತು.

ಅವರ ಅಂತ್ಯಯಾತ್ರೆಯಲ್ಲಿ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅಮೆರಿಕದ ವ್ಯೋಮಯಾತ್ರಿ ಟಾಮ್ ಸ್ಟಾಫರ್ಡ್ ಅವರೂ ಒಬ್ಬರು. ಎರಡು ರಾಷ್ಟ್ರಗಳ ನಡುವೆ ತೀವ್ರ ಪೈಪೋಟಿಯಿದ್ದ ದಿನಗಳವು. ದುಃಖವು ಆ ಗೋಡೆಯನ್ನು ದಾಟಿತು. ಅಂದಿನಿಂದ ಸೋಯುಜ್ ಯಾತ್ರಿಗಳು ಏರುವಾಗಲೂ ಇಳಿಯುವಾಗಲೂ ಒತ್ತಡದ ಉಡುಪನ್ನು ಧರಿಸುವುದು ಕಡ್ಡಾಯವಾಯಿತು. ಭಾರತೀಯ ವಾಯುಸೇನೆಯ ರಾಕೇಶ್ ಶರ್ಮಾ ಅವರು 1984ರ ಏಪ್ರಿಲ್ 3ರಂದು ಬಾನಿಗೇರಿ ಏಪ್ರಿಲ್ 11ರಂದು ಕಜಾಕ್‌ಸ್ತಾನದ ಬಯಲಿನಲ್ಲಿ ಇಳಿದಾಗ ಅಂತಹ ಉಡುಪನ್ನೇ ತೊಟ್ಟಿದ್ದರು. ಅವರ ಆಯ್ಕೆಗಾಗಿ ವೈದ್ಯಕೀಯ ಪರೀಕ್ಷೆಗಳು ನಡೆದದ್ದು ಬೆಂಗಳೂರಿನಲ್ಲಿರುವ ವಾಯುಸೇನೆಯ ವೈದ್ಯಕೀಯ ಸಂಸ್ಥೆಯಲ್ಲಿ. ಅವರು ಕ್ಷೇಮವಾಗಿ ಇಳಿದಾಗ ಭಾರತದ ಜನರು ಆನಂದಿಸಿದರು. ಆ ಕ್ಷೇಮದ ಹಿಂದೆ ಅಪರಿಚಿತ ನಾಡಿನ ಮೂವರ ಬಲಿದಾನವಿತ್ತು.

ಯಂತ್ರದ ದೋಷವಷ್ಟೇ ಅಪಾಯಕ್ಕೆ ಕಾರಣವಲ್ಲ. ಮನುಷ್ಯನ ಅಭ್ಯಾಸವೂ ಕಾರಣವಾಗಬಲ್ಲದು. 2003ರ ಜನವರಿ 16ರಂದು ಕೊಲಂಬಿಯಾ ಎಂಬ ವ್ಯೋಮಲಾಳಿಯು ಮೇಲೇರಿದ ಸುಮಾರು 82 ಸೆಕೆಂಡುಗಳಿಗೆ ಅದರ ಇಂಧನತೊಟ್ಟಿಯ ಹೊರಮೈಯಿಂದ ಹಗುರವಾದ ನೊರೆಯಂತಹ ವಸ್ತುವಿನ ತುಂಡೊಂದು ಕಳಚಿ ಎಡರೆಕ್ಕೆಯ ಅಂಚಿಗೆ ಬಡಿಯಿತು. ಹಿಂದಿನ ಯಾನಗಳಲ್ಲಿಯೂ ಇಂತಹ ತುಂಡುಗಳು ಕಳಚಿ ಬಿದ್ದಿದ್ದವು, ಆದರೆ ಅನಾಹುತವಾಗಿರಲಿಲ್ಲ. ಆದ್ದರಿಂದ ‘ಇದು ಆಗಾಗ ಆಗುವಂಥದೇ’ ಎಂಬ ಭಾವನೆಯು ಬೇರೂರಿತ್ತು. ರೆಕ್ಕೆಯ ಚಿತ್ರಗಳನ್ನು ತೆಗೆಸಿ ನೋಡಬೇಕೆಂದು ಕೆಲವರು ಎಂಜಿನಿಯರುಗಳು ಕೇಳಿಕೊಂಡರೂ ಮೇಲಿನವರು ಅದನ್ನು ಮುಂದುವರಿಸಲಿಲ್ಲ. ಫೆಬ್ರುವರಿ 1ರಂದು ಕೊಲಂಬಿಯಾ ವಾಯುಮಂಡಲವನ್ನು ಹೊಕ್ಕಾಗ ಬಿಸಿಗಾಳಿಯು ರೆಕ್ಕೆಯ ರಂಧ್ರದಿಂದ ಒಳನುಗ್ಗಿತು. ನೆಲ ಮುಟ್ಟಲು ಇನ್ನು ಸುಮಾರು 16 ನಿಮಿಷಗಳಿರುವಾಗ ಟೆಕ್ಸಾಸ್ ರಾಜ್ಯದ ಆಕಾಶದಲ್ಲಿ ಅದು ಛಿದ್ರಛಿದ್ರವಾಯಿತು. ಹರಿಯಾಣದ ಕರ್ನಾಲಿನಲ್ಲಿ ಹುಟ್ಟಿ ಬೆಳೆದ ಕಲ್ಪನಾ ಚಾವ್ಲಾ ಅವರೂ ಸೇರಿ ಏಳು ಜನ ಯಾತ್ರಿಗಳು ಮಡಿದರು.

ಭಾರತದಲ್ಲಿ ಮನೆಮನೆಯವರೂ ತಮ್ಮ ಮಗಳೊಬ್ಬಳನ್ನು ಕಳೆದುಕೊಂಡಂತೆ ಮರುಗಿದರು. ಅದೇ ಫೆಬ್ರುವರಿ 5ರಂದು ದೇಶದ ಹವಾಮಾನ ಉಪಗ್ರಹಕ್ಕೆ ‘ಕಲ್ಪನಾ–1’ ಎಂಬ ಹೆಸರನ್ನು ಘೋಷಿಸಲಾಯಿತು. ಕರ್ನಾಟಕ ಸರ್ಕಾರವು ತರುಣ ಮಹಿಳಾ ವಿಜ್ಞಾನಿಗಳಿಗಾಗಿ 2004ರಲ್ಲಿ ಆಕೆಯ ಹೆಸರಿನ ಪ್ರಶಸ್ತಿಯನ್ನು ಸ್ಥಾಪಿಸಿತು. ಟೆಕ್ಸಾಸಿನಲ್ಲಿ ಸಾವಿರಾರು ಜನರು ಕಾಡು ಬಯಲುಗಳಲ್ಲಿ ಸಾಲಾಗಿ ನಡೆದು ನೌಕೆಯ ಚೂರುಗಳನ್ನು ಹುಡುಕಿ ಒಪ್ಪಿಸಿದರು. ಆ ಚೂರುಗಳು ದುರಂತದ ಕಥೆಯನ್ನು ತಿಳಿಸಿದವು. ತನಿಖಾ ಮಂಡಲಿಯು ಬಡಿದ ತುಂಡಿನ ಜೊತೆಗೆ, ಎಚ್ಚರಿಕೆಯ ಮಾತಿಗೆ ಕಿವಿಗೊಡದ ಆಡಳಿತದ ರೂಢಿಯನ್ನೂ ಕಾರಣವೆಂದು ಹೇಳಿತು. ಮುಂದಿನ ಯಾನವು ಹೊರಟದ್ದು ಎರಡೂವರೆ ವರ್ಷಗಳ ಅನಂತರ.

ಈ ಪಾಠವು ವ್ಯರ್ಥವಾಗಲಿಲ್ಲವೆಂಬುದಕ್ಕೆ 2024ರಲ್ಲಿ ಒಂದು ನಿದರ್ಶನ ದೊರೆಯಿತು. ಗುಜರಾತಿನ ಝೂಲಾಸಣ ಗ್ರಾಮದ ಮೂಲದವರಾದ ಸುನೀತಾ ವಿಲಿಯಮ್ಸ್ ಅವರು ಜೂನ್ 5ರಂದು ಬುಚ್ ವಿಲ್ಮೋರ್ ಅವರೊಂದಿಗೆ ‘ಸ್ಟಾರ್‌ಲೈನರ್’ ಎಂಬ ಹೊಸ ನೌಕೆಯಲ್ಲಿ ಅಂತರರಾಷ್ಟ್ರೀಯ ವ್ಯೋಮನಿಲ್ದಾಣಕ್ಕೆ ಹೊರಟರು. ವಾರವೊಂದರ ಮಟ್ಟಿಗೆ ಯೋಜಿಸಿದ್ದ ಯಾತ್ರೆಯದು. ಆದರೆ ನೌಕೆಯಲ್ಲಿ ಹೀಲಿಯಂ ಅನಿಲವು ಸೋರಿತು. ಅದರ ದಿಕ್ಕನ್ನು ತಿದ್ದುವ ಕೆಲವು ಚಿಕ್ಕ ಎಂಜಿನುಗಳು ಕೈಕೊಟ್ಟವು. ಹಲವು ವಾರಗಳ ಪರೀಕ್ಷೆಯ ಬಳಿಕ, ಯಾತ್ರಿಗಳನ್ನು ನಿಲ್ದಾಣದಲ್ಲಿಯೇ ಉಳಿಸಿ ನೌಕೆಯನ್ನು ಬರಿದಾಗಿ ಇಳಿಸುವ ನಿರ್ಧಾರವಾಯಿತು. ಸೆಪ್ಟೆಂಬರಿನಲ್ಲಿ ಆ ನೌಕೆಯು ಸುರಕ್ಷಿತವಾಗಿಯೇ ಇಳಿಯಿತು. ಹಾಗಾದರೆ ನಿರ್ಧಾರವು ತಪ್ಪಾಗಿತ್ತೆ? ಇಲ್ಲ. ಒಂದು ಸಲ ಅಪಾಯವು ಘಟಿಸಲಿಲ್ಲವೆಂದ ಮಾತ್ರಕ್ಕೆ ಅಪಾಯವೇ ಇರಲಿಲ್ಲವೆಂದು ಹೇಳಲಾಗದು. ಕೊಲಂಬಿಯಾದ ದುರಂತಕ್ಕೆ ಮೂಲವಾದದ್ದು ಅಂತಹ ಎಣಿಕೆಯೇ.

ಸುನೀತಾ ಅವರು 286 ದಿನಗಳ ಬಳಿಕ, ಭಾರತೀಯ ಕಾಲಮಾನದಂತೆ 2025ರ ಮಾರ್ಚ್ 19ರ ನಸುಕಿನಲ್ಲಿ, ಬೇರೊಂದು ನೌಕೆಯಲ್ಲಿ ಫ್ಲಾರಿಡಾ ತೀರದ ಕಡಲಿಗೆ ಇಳಿದರು. ಝೂಲಾಸಣದಲ್ಲಿ ಪ್ರಾರ್ಥನೆಗಳು ನಡೆದಿದ್ದವು. ಅಂದು ಸಂಭ್ರಮವು ತುಂಬಿತು. ಆ ತಿಂಗಳುಗಳಲ್ಲಿ ಅವರು ಅಂತರಿಕ್ಷದಲ್ಲಿ ದಿಕ್ಕಿಲ್ಲದೆ ಸಿಕ್ಕಿಕೊಂಡಿದ್ದಾರೆಂಬ ಮಾತೂ ಹರಡಿತ್ತು. ವಾಸ್ತವದಲ್ಲಿ ಅವರು ನಿಲ್ದಾಣದ ಕೆಲಸದಲ್ಲಿ ನಿರತರಾಗಿದ್ದರು. ಸೆಪ್ಟೆಂಬರಿನ ಕೊನೆಯಿಂದ ಮರಳುವ ನೌಕೆಯೂ ಅಲ್ಲಿಯೇ ಸಿದ್ಧವಾಗಿತ್ತು. ಇಳಿದೊಡನೆ ಅವರನ್ನು ಕೈಮಂಚದಲ್ಲಿ ಕರೆದೊಯ್ದುದನ್ನು ಕಂಡು ಹಲವರು ಗಾಬರಿಗೊಂಡರು. ಬಹುಕಾಲ ತೂಕರಹಿತ ಸ್ಥಿತಿಯಲ್ಲಿದ್ದ ದೇಹದ ಸ್ನಾಯುಗಳೂ ಸಮತೋಲದ ಶಕ್ತಿಯೂ ಭೂಮಿಯ ಸೆಳೆತಕ್ಕೆ ಮತ್ತೆ ಹೊಂದಿಕೊಳ್ಳಬೇಕಾಗುವುದರಿಂದ ಅದು ವಾಡಿಕೆಯ ಎಚ್ಚರಿಕೆ ಮಾತ್ರ. ತಿಳಿವಳಿಕೆಯಿಲ್ಲದ ಕಡೆ ಅನುಕಂಪವು ಸಹ ವದಂತಿಯಾಗಿ ಮಾರ್ಪಡುತ್ತದೆ.

ಭಾರತವು ತನ್ನದೇ ನೌಕೆಯಲ್ಲಿ ತನ್ನ ಯಾತ್ರಿಗಳನ್ನು ಬಾನಿಗೇರಿಸುವ ‘ಗಗನಯಾನ’ ಯೋಜನೆಯನ್ನು 2018ರ ಆಗಸ್ಟ್ 15ರಂದು ಪ್ರಕಟಿಸಿತು. ಅದರ ಕಾರ್ಯಕೇಂದ್ರವು ಬೆಂಗಳೂರಿನಲ್ಲಿ 2019ರಲ್ಲಿ ಆರಂಭವಾಯಿತು. ಏರುವುದಕ್ಕಿಂತ ಮೊದಲು ಇಳಿಯುವುದನ್ನು ಕಲಿಯಬೇಕೆಂಬ ತಿಳಿವು ನಮ್ಮ ವಿಜ್ಞಾನಿಗಳಿಗೆ ಬಹು ಹಿಂದೆಯೇ ಇತ್ತು. 2007ರ ಜನವರಿಯಲ್ಲಿ 550 ಕಿಲೋಗ್ರಾಂ ತೂಕದ ಕೋಶವೊಂದನ್ನು ಹನ್ನೆರಡು ದಿನ ಕಕ್ಷೆಯಲ್ಲಿರಿಸಿ ಬಂಗಾಳ ಕೊಲ್ಲಿಯಲ್ಲಿ ಇಳಿಸಿಕೊಂಡರು. 2014ರ ಡಿಸೆಂಬರ್ 18ರಂದು ಯಾತ್ರಿಗಳಿಲ್ಲದ ದೊಡ್ಡ ಕೋಶವೊಂದನ್ನು ಅದೇ ಕೊಲ್ಲಿಯಲ್ಲಿ ಇಳಿಸಿ ನೋಡಿದರು. ಗಗನಯಾನದ ಕೋಶದಲ್ಲಿ ಒಟ್ಟು ಹತ್ತು ಪ್ಯಾರಾಷೂಟುಗಳಿವೆ. 2025ರ ಆಗಸ್ಟ್ 24ರಂದು ಕೋಶದ ಮಾದರಿಯೊಂದನ್ನು ಹೆಲಿಕಾಪ್ಟರಿನಿಂದ ಸುಮಾರು ಮೂರು ಕಿಲೋಮೀಟರು ಎತ್ತರದಲ್ಲಿ ಕೆಳಕ್ಕೆ ಬಿಟ್ಟು ಪ್ಯಾರಾಷೂಟುಗಳನ್ನು ಪರೀಕ್ಷಿಸಲಾಯಿತು.

2023ರ ಅಕ್ಟೋಬರ್ 21ರಂದು ಶ್ರೀಹರಿಕೋಟದಲ್ಲಿ ನಡೆದ ಪರೀಕ್ಷೆಯು ವಿಶೇಷವಾಗಿ ಗಮನಾರ್ಹವಾದುದು. ಅಪಾಯದ ಸಮಯದಲ್ಲಿ ಯಾತ್ರಿಗಳನ್ನು ರಾಕೆಟ್ಟಿನಿಂದ ದೂರ ಸೆಳೆದೊಯ್ದು ಇಳಿಸುವ ವ್ಯವಸ್ಥೆಯ ಪರೀಕ್ಷೆಯದು. ಹೊರಡಲು ಐದೇ ಸೆಕೆಂಡುಗಳಿರುವಾಗ ಗಣಕಯಂತ್ರವು ಅಸಹಜತೆಯೊಂದನ್ನು ಗುರುತಿಸಿ ಉಡಾವಣೆಯನ್ನು ತಡೆಯಿತು. ನೋಡುತ್ತಿದ್ದ ಜನರು ನಿರಾಶರಾದರು. ವಿಜ್ಞಾನಿಗಳು ಕಾರಣವನ್ನು ಪತ್ತೆಹಚ್ಚಿ ಸರಿಪಡಿಸಿದರು. ಬೆಳಗಿನ ಹತ್ತು ಗಂಟೆಗೆ ರಾಕೆಟ್ಟು ಮೇಲೇರಿತು. ಕೋಶವು ಪ್ಯಾರಾಷೂಟುಗಳ ಆಸರೆಯಿಂದ ಕಡಲಿಗಿಳಿಯಿತು. ನೌಕಾಪಡೆಯವರು ಅದನ್ನು ದಡಕ್ಕೆ ತಂದರು. ಅಂದಿನ ನಿಜವಾದ ಗೆಲುವು ಯಾವುದು? ರಾಕೆಟ್ಟು ಹಾರಿದ್ದು ಒಂದು ಗೆಲುವಾದರೆ, ಅನುಮಾನ ಬಂದ ಕ್ಷಣದಲ್ಲಿ ಅದು ನಿಂತದ್ದು ಅದಕ್ಕೆ ಕಡಿಮೆಯಿಲ್ಲದ ಗೆಲುವು.

ಸೋಲನ್ನು ಜನರು ಹೇಗೆ ಬರಮಾಡಿಕೊಳ್ಳುತ್ತಾರೆ ಎಂಬುದೂ ಮುಂದಿನ ಕ್ಷೇಮವನ್ನು ನಿರ್ಧರಿಸುತ್ತದೆ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರನ ಮೇಲೆ ಇಳಿಯಬೇಕಾಗಿದ್ದ ಮಾನವರಹಿತ ‘ವಿಕ್ರಮ್’ ನೌಕೆಯ ಸಂಪರ್ಕವು ಕಡಿದುಹೋದಾಗ ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಮೌನ ಕವಿಯಿತು. ನಿದ್ದೆಗೆಟ್ಟು ಕಾದಿದ್ದ ಜನರು ಹಳಿಯಲಿಲ್ಲ, ಸಾಂತ್ವನ ಹೇಳಿದರು. ವಿಜ್ಞಾನಿಗಳು ಏನೇನು ಕೆಡಬಹುದೆಂಬುದನ್ನು ಒಂದೊಂದಾಗಿ ಎಣಿಸಿ ಮುಂದಿನ ನೌಕೆಯನ್ನು ರೂಪಿಸಿದರು. 2023ರ ಆಗಸ್ಟ್ 23ರಂದು ಅದು ಚಂದ್ರನ ಮೇಲೆ ಇಳಿಯಿತು. ತಪ್ಪನ್ನು ಹೇಳಿಕೊಂಡರೆ ಅವಮಾನವಾಗದೆಂಬ ಭರವಸೆಯಿದ್ದಲ್ಲಿ ಮಾತ್ರ ತಪ್ಪು ಬೇಗ ಬೆಳಕಿಗೆ ಬರುತ್ತದೆ.

2025ರ ಜೂನ್ 25ರಂದು ಶುಭಾಂಶು ಶುಕ್ಲಾ ಅವರು ಅಮೆರಿಕದಿಂದ ಬಾನಿಗೇರಿ ವ್ಯೋಮನಿಲ್ದಾಣವನ್ನು ಸೇರಿದರು. ಅವರ ಯಾತ್ರೆಯೂ ಹಲವು ಬಾರಿ ಮುಂದಕ್ಕೆ ಹೋಗಿತ್ತು. ಒಮ್ಮೆ ರಾಕೆಟ್ಟಿನಲ್ಲಿ ದ್ರವ ಆಮ್ಲಜನಕದ ಸೋರಿಕೆ ಕಂಡುಬಂದಾಗ, ಅದನ್ನು ಸರಿಪಡಿಸಿದ ಹೊರತು ಹೊರಡಲಿಲ್ಲ. ಅವರು ಕೊಂಡೊಯ್ದ ಪ್ರಯೋಗಗಳಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಹಾಗೂ ಅಲ್ಲಿನ ಐ.ಐ.ಟಿ. ಸಂಸ್ಥೆಗಳು ಸಿದ್ಧಗೊಳಿಸಿದ ಹೆಸರು ಮತ್ತು ಮೆಂತ್ಯದ ಬೀಜಗಳ ಪ್ರಯೋಗವೂ ಒಂದು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಅಡುಗೆಮನೆಗಳಲ್ಲಿ ದಿನನಿತ್ಯ ಕಾಣುವ ಆ ಕಾಳುಗಳು ಭೂಮಿಯಿಂದ 400 ಕಿಲೋಮೀಟರು ಎತ್ತರದಲ್ಲಿ ಮೊಳಕೆಯೊಡೆದವು. ಭೂಮಿಗೆ ತಂದು ಪರೀಕ್ಷಿಸುವ ಸಲುವಾಗಿ ಅವುಗಳನ್ನು ಶೀತಪೆಟ್ಟಿಗೆಯಲ್ಲಿ ಇರಿಸಲಾಯಿತು. ಜುಲೈ 15ರಂದು ಶುಕ್ಲಾ ಅವರ ನೌಕೆಯು ಕ್ಯಾಲಿಫೋರ್ನಿಯಾ ತೀರದ ಕಡಲಿನಲ್ಲಿ ಇಳಿದಾಗ ಲಕ್ನೋದಲ್ಲಿ ಅವರ ತಂದೆತಾಯಿಗಳ ಕಣ್ಣುಗಳಲ್ಲಿ ಆನಂದಬಾಷ್ಪವು ತುಂಬಿತು.

ಬೆಳೆಯು ಎಷ್ಟೇ ಹುಲುಸಾಗಿದ್ದರೂ ರಾಶಿಯು ಮನೆಯನ್ನು ಸೇರುವವರೆಗೆ ರೈತನು ಸುಗ್ಗಿ ಮುಗಿಯಿತೆನ್ನುವುದಿಲ್ಲ. ಮೋಡವನ್ನು ನೋಡುತ್ತಾನೆ, ಗಾಳಿಯನ್ನು ಗಮನಿಸುತ್ತಾನೆ, ಅನುಮಾನ ಬಂದರೆ ಒಂದು ದಿನ ಕಾಯುತ್ತಾನೆ. ವ್ಯೋಮಯಾನಕ್ಕೂ ಸಲ್ಲುವ ವಿವೇಕವಿದು. ಯಾತ್ರಿಗಳು ಹೊರಟ ದಿನ ಚಪ್ಪಾಳೆ ತಟ್ಟುವುದು ಸುಲಭ. ಯಾನವು ಮುಂದಕ್ಕೆ ಹೋಯಿತೆಂಬ ಸುದ್ದಿ ಬಂದಾಗ ತಾಳ್ಮೆಗೆಡದೆ, ‘ಯಾರೋ ಒಬ್ಬರು ದೋಷವನ್ನು ಕಂಡಿದ್ದಾರೆ, ಕಂಡುದನ್ನು ಹೇಳಿದ್ದಾರೆ, ಹೇಳಿದುದನ್ನು ಕೇಳಿದ್ದಾರೆ’ ಎಂದು ಸಮಾಧಾನಪಡುವುದು ಅದಕ್ಕಿಂತ ಹಿರಿದು. ಗಗನಯಾನದ ಕೋಶವು ಭಾರತದ ಯಾತ್ರಿಗಳನ್ನು ಹೊತ್ತು ಕಡಲಿಗಿಳಿಯುವ ದಿನ, ಆ ಹತ್ತು ಪ್ಯಾರಾಷೂಟುಗಳ ಜೊತೆಗೆ ಕಾಯಬಲ್ಲ ಜನತೆಯ ತಾಳ್ಮೆಯೂ ಅವರನ್ನು ಹಿಡಿದು ಇಳಿಸುತ್ತಿರುತ್ತದೆ.